ಕಾರ್ಬನ್ ಫೈಬರ್–ಸಿಲಿಕಾನ್ ಕಾರ್ಬೈಡ್ ಹಲಗೆ: ಸಾಂದ್ರತೆ 1.75ಕ್ಕೇ ನಿಂತಿದೆ, ಬಾಗಿಸಿದರೆ ಗಾಜಿನಂತೆ ಮುರಿಯುತ್ತದೆ

ಪ್ರಶ್ನೆ:
ನಮಸ್ಕಾರ. ಕಾರ್ಬನ್ ಫೈಬರ್ ಬಟ್ಟೆಯ ಪದರಗಳಿಗೆ ದ್ರವ ಪಾಲಿಕಾರ್ಬೋಸಿಲೇನ್ (ಸುಟ್ಟರೆ ಸಿಲಿಕಾನ್ ಕಾರ್ಬೈಡ್ ಆಗುವ ರಾಳ) ಇಂಗಿಸಿ ಆರ್ಗಾನ್‌ನಲ್ಲಿ 1000 ಡಿಗ್ರಿಗೆ ಸುಡುತ್ತಿದ್ದೇನೆ. ಫೈಬರ್ ಪಾಲು 40%. ಹೀಗೆ ಇಂಗಿಸಿ ಸುಡುವ ಆರು ಸುತ್ತಾದರೂ ಸಾಂದ್ರತೆ 1.75 ಗ್ರಾಂ/ಘನ ಸೆಂ.ಮೀ. ದಾಟಿಲ್ಲ, ಕೊನೆಯ ಸುತ್ತಲ್ಲಿ ತೂಕ ಏರಿದ್ದು 1%ಗಿಂತ ಕಡಿಮೆ. ಬಾಗು ಪರೀಕ್ಷೆಯಲ್ಲಿ ಒಮ್ಮೆಲೇ ಎರಡು ತುಂಡು, ಮುರಿದ ಮುಖ ನುಣ್ಣಗೆ. ಇನ್ನಷ್ಟು ಸುತ್ತು ಹಾಕಲೇ?

ಉತ್ತರ:
ಬೇಡ, ಮೊದಲು ಆ ನುಣುಪು ಮುಖ ನೋಡಿ. ಮ್ಯಾಟ್ರಿಕ್ಸ್‌ನ (ಫೈಬರ್ ಸುತ್ತ ತುಂಬಿದ ಸಿಲಿಕಾನ್ ಕಾರ್ಬೈಡ್) ಬಿರುಕು ಫೈಬರ್ ಹತ್ತಿರ ಬಂದಾಗ ಪಕ್ಕಕ್ಕೆ ತಿರುಗಬೇಕು, ಫೈಬರ್ ಜಾರಿ ಹೊರಬರಬೇಕು. ಇದಕ್ಕೆ ಇವೆರಡರ ನಡುವೆ ಮೈಕ್ರಾನ್‌ಗಿಂತ ತೆಳುವಾದ ಪೈರೊಲಿಟಿಕ್ ಕಾರ್ಬನ್ (ಅನಿಲದಿಂದ ಕೂರಿಸುವ ಕಾರ್ಬನ್) ಅಥವಾ ಬೋರಾನ್ ನೈಟ್ರೈಡ್ ಪದರ ಬೇಕು. ಬಟ್ಟೆಯ ಮೇಲಿರುವ ಎಪಾಕ್ಸಿ ಸೈಜಿಂಗ್ (ಎಳೆಗಳಿಗೆ ಮೊದಲೇ ಹಚ್ಚಿರುವ ತೆಳು ಅಂಟು) ಆ ಕೆಲಸಕ್ಕೆ ಬಾರದು. ಬಿಸಿಗೆ ಅದು ವಿಘಟನೆಯಾಗಿ ಹೋಗಿ ಮ್ಯಾಟ್ರಿಕ್ಸ್ ನೇರ ಫೈಬರಿಗೇ ಕಚ್ಚಿಕೊಳ್ಳುತ್ತದೆ. ಲೇಪನವಿಲ್ಲದೆ ಎಷ್ಟು ಗಟ್ಟಿ ಮಾಡಿದರೂ ಒಮ್ಮೆಲೇ ಮುರಿಯುವುದು ತಪ್ಪದು. ಈ ಹಲಗೆಗೆ ಇನ್ನು ಲೇಪನ ಸಾಧ್ಯವಿಲ್ಲ, ಹೊಸದರಲ್ಲಿ ಮಾಡಿ.

ಸಾಂದ್ರತೆಯ ಲೆಕ್ಕ ಹೀಗೆ. ರಾಳದ ಸಾಂದ್ರತೆ ಸುಮಾರು 1, ಸುಟ್ಟಮೇಲೆ ಉಳಿಯುವ ತೂಕ ಮುಕ್ಕಾಲು ಪಾಲು, ಆಗ ಸಿಗುವ ಅಸ್ಫಟಿಕ ಸಿಲಿಕಾನ್ ಕಾರ್ಬೈಡ್‌ನದು ಸುಮಾರು 2.4. ಅಂದರೆ ಪ್ರತಿ ಸುತ್ತಲ್ಲೂ ತೆರೆದ ರಂಧ್ರದ 30% ಮಾತ್ರ ತುಂಬುತ್ತದೆ. ನಿಮ್ಮ ಹಲಗೆಯಲ್ಲಿ ಇನ್ನೂ 16–17% ರಂಧ್ರವಿರಬೇಕು. ಅಷ್ಟು ಜಾಗವಿದ್ದೂ ತೂಕ ಏರುತ್ತಿಲ್ಲವೆಂದರೆ ರಂಧ್ರಗಳ ಬಾಯಿ ಮುಚ್ಚಿದೆ. ಆರ್ಕಿಮಿಡೀಸ್ ವಿಧಾನದಲ್ಲಿ (ನೀರಿನಲ್ಲಿ ಮುಳುಗಿಸಿ ತೂಗಿ) ತೆರೆದ ರಂಧ್ರ ಅಳೆಯಿರಿ. ಅದು ತೀರಾ ಕಡಿಮೆ ಬಂದರೆ ಅನುಮಾನ ಖಚಿತ. ಮೇಲಿನ ಹೊರಪದರ ಉಜ್ಜಿ ತೆಗೆದು ಮತ್ತೆ ವ್ಯಾಕ್ಯೂಮ್‌ನಲ್ಲಿ ಇಂಗಿಸಿ. 300ರಿಂದ 700 ಡಿಗ್ರಿವರೆಗೆ ನಿಮಿಷಕ್ಕೆ ಒಂದು ಡಿಗ್ರಿಯಂತೆ ಏರಿಸಿ, ಅನಿಲ ಬಹುಪಾಲು ಹೊರಡುವುದು ಅಲ್ಲೇ.

ಪ್ರಶ್ನೆ:
ಸಿಲಿಕಾನ್ ಕಾರ್ಬೈಡ್ ಪುಡಿ ಬೆರೆಸಬಹುದೇ ಸರ್? ಅನಿಲದಿಂದ ಲೇಪಿಸುವ ಫರ್ನೇಸ್ ನಮ್ಮಲ್ಲಿಲ್ಲ.

ಉತ್ತರ:
ಮೊದಲ ಸುತ್ತಿಗೆ ಮಾತ್ರ, ಮೈಕ್ರಾನ್‌ಗಿಂತ ಸಣ್ಣ ಪುಡಿ ಬೆರೆಸಿ. ಪದರಗಳ ನಡುವಿನ ದೊಡ್ಡ ಖಾಲಿಗಳು ಅದರಿಂದ ಚೆನ್ನಾಗಿ ತುಂಬುತ್ತವೆ. ಆಮೇಲೆ ಬೆರೆಸಿದರೆ ಪುಡಿ ಒಳಗೆ ಹೋಗದೆ ಮೇಲ್ಮೈಯಲ್ಲೇ ಸೋಸಿ ನಿಂತು ದಾರಿ ಕಟ್ಟುತ್ತದೆ.

ಲೇಪನಕ್ಕೆ ಸೈಜಿಂಗ್ ತೆಗೆದ ಬಟ್ಟೆಯನ್ನು ತೀರಾ ತೆಳು ಫಿನಾಲಿಕ್ ರಾಳದಲ್ಲಿ ಅದ್ದಿ, ಒಣಗಿಸಿ, ಆರ್ಗಾನ್‌ನಲ್ಲಿ ಕಾರ್ಬನ್ ಮಾಡಿ. ದ್ರಾವಣ ದಪ್ಪವಾದರೆ ಎಳೆಗಳು ಒಂದಕ್ಕೊಂದು ಅಂಟುತ್ತವೆ. ಅನಿಲದ ಲೇಪನದಷ್ಟು ಸಮನಾಗಿ ಕೂರುವುದಿಲ್ಲ. ಹಾಗಾಗಿ ಪೂರ್ತಿ ಹಲಗೆಗೆ ಕೈಹಾಕದೆ, ಲೇಪನ ಇರುವ ಮತ್ತು ಇಲ್ಲದ ಸಣ್ಣ ಪಟ್ಟಿಗಳನ್ನು ಒಟ್ಟಿಗೆ ಸುಟ್ಟು ಬಾಗಿಸಿ, ಎರಡರ ಭಾರ–ಬಾಗು ಗ್ರಾಫ್ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.