ಒಪಿನೆಲ್ ಚಾಕು ಮಳೆಗೆ ಬಿಗಿದುಕೊಂಡಿದೆ, ಅಲಗಿನ ಮೇಲೆ ಕೆಂಪು ಕಲೆ: ಏನು ಮಾಡಲಿ?

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಒಪಿನೆಲ್ ಎಂಬ ಫ್ರೆಂಚ್ ಕಂಪನಿಯ 8ನೇ ನಂಬರಿನ ಮಡಚುವ ಚಾಕು ಇದೆ. ಅಲಗು ಕಾರ್ಬನ್ ಉಕ್ಕಿನದು, ಎಂಟೂವರೆ ಸೆಂಟಿಮೀಟರ್ ಉದ್ದ. ಹಿಡಿ ಬೀಚ್ ಮರದ್ದು. ಫ್ರಾನ್ಸಿನಲ್ಲಿ ಓದುತ್ತಿದ್ದ ಅಕ್ಕನ ಮಗ ಎರಡು ವರ್ಷದ ಹಿಂದೆ ಇದನ್ನು ತಂದುಕೊಟ್ಟಾಗ, ಇಷ್ಟು ಹಗುರವಾದ ಚಾಕು ತೋಟದ ಕೆಲಸಕ್ಕೆ ತಡೆದೀತೇ ಎಂಬ ಅನುಮಾನವಿತ್ತು. ಈಗ ಅದನ್ನು ಜೇಬಿಗೆ ಹಾಕಿಕೊಳ್ಳದೆ ಮನೆಯ ಮೆಟ್ಟಿಲು ಇಳಿಯುವುದಿಲ್ಲ. ಹಗ್ಗ ಕತ್ತರಿಸುವುದಕ್ಕೆ, ಬಾಳೆಎಲೆ ಕೊಯ್ಯುವುದಕ್ಕೆ, ಹಸಿ ಅಡಿಕೆ ಸೀಳಿ ಬೆಳವಣಿಗೆ ನೋಡುವುದಕ್ಕೆ ಎಲ್ಲಕ್ಕೂ ಅದೇ ಒಂದು.

ನಮ್ಮ ತೋಟ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಜುಲೈ ತಿಂಗಳಲ್ಲಿ ಅಡಿಕೆಗೆ ಎರಡನೆಯ ಸಲ ಕೊಳೆರೋಗದ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ಚಾಕು ನಾಲ್ಕೈದು ದಿನ ಒದ್ದೆ ಜೇಬಿನಲ್ಲೇ ಉಳಿಯಿತು. ತಪ್ಪು ನನ್ನದೇ, ಚಾಕುವಿನದಲ್ಲ. ಈಗ ಮಡಚಿದ ಅಲಗು ಹಿಡಿಯೊಳಗೆ ಎಷ್ಟು ಬಿಗಿಯಾಗಿ ಕೂತಿದೆಯೆಂದರೆ, ಉಗುರು ಹಾಕುವ ಗೀರಿನಲ್ಲಿ ಬೆರಳಿಟ್ಟು ಎಳೆದರೆ ಉಗುರೇ ಕಿತ್ತು ಬರುವಂತಾಗುತ್ತದೆಯೇ ಹೊರತು ಅಲಗು ಕದಲುವುದಿಲ್ಲ. ಅಲಗು ಜರುಗದಂತೆ ತಡೆಯುವ, ಹಿಡಿಯ ತಲೆಯಲ್ಲಿರುವ ಬೀಗದ ಉಂಗುರ ಮಾತ್ರ ಸರಾಗವಾಗಿ ತಿರುಗುತ್ತಿದೆ. ಕೊನೆಯ ಸಲ ಬಿಚ್ಚಿದ್ದಾಗ ಅಲಗು ಕಪ್ಪಾಗಿತ್ತು, ತುದಿಯ ಬಳಿ ಕೆಂಪು ಕಲೆಗಳಿದ್ದವು; ಸೀಮೆಎಣ್ಣೆಯಲ್ಲಿ ಒರೆಸಿದರೂ ಅವು ಹೋಗಲಿಲ್ಲ. ಹಿಡಿಯನ್ನು ಸೀಳದೆ ಇದನ್ನು ಬಿಚ್ಚುವ ದಾರಿ ಇದೆಯೇ? ದಯವಿಟ್ಟು ತಿಳಿದವರು ಹೇಳಿ.

ಗುಡ್ಡದಂಚು:

ನಮ್ಮಲ್ಲಿ ಕತ್ತಿಯ ಹಿಡಿ ಉಬ್ಬಿದರೆ ಒಲೆಯ ಬೆಂಕಿಗೆ ಹಿಡಿದು ಒಣಗಿಸುವ ರೂಢಿ ಇದೆ. ಸ್ವಲ್ಪ ಕಾಯಿಸಿ, ಅಲಗಿನ ಬೆನ್ನನ್ನು ಇಕ್ಕಳದಲ್ಲಿ ಹಿಡಿದು ಎಳೆದರೆ ಬರಬಹುದು.

ಬಡಗಿಮನೆ:

ಇಕ್ಕಳವನ್ನೂ ಬೆಂಕಿಯನ್ನೂ ದಯವಿಟ್ಟು ದೂರವಿಡಿ. ದಪ್ಪ ಕತ್ತಿಗೆ ಒಗ್ಗಿದ ಉಪಾಯ ಈ ತೆಳು ಅಲಗಿಗೆ ಒಗ್ಗುವುದಿಲ್ಲ. ಉಕ್ಕಿಗೆ ಹದ ಕೂರಿಸುವ ಶಾಖ ಸುಮಾರು 200 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದನ್ನು ಮೀರಿ ಕಾದರೆ ಗಡಸುತನ ಇಳಿಯುತ್ತದೆ, ಆಮೇಲೆ ಎಷ್ಟು ಸಾಣೆ ಹಿಡಿದರೂ ಅಲಗಿನ ಬಾಯಿ ನಿಲ್ಲುವುದಿಲ್ಲ. ತೆಳುವಾದ ತುದಿ ಆ ಶಾಖವನ್ನು ಮುಟ್ಟುವುದಕ್ಕೆ ಒಲೆಯ ಉರಿಯಲ್ಲಿ ಹೆಚ್ಚು ಹೊತ್ತು ಬೇಕಿಲ್ಲ. ಅತ್ತ ಹಿಡಿಯ ಹೊರಮೈ ಬೇಗ ಒಣಗಿ ಕುಗ್ಗಿ, ಒಳಗಿನ ಮರ ಇನ್ನೂ ಉಬ್ಬಿಕೊಂಡೇ ಇರುವುದರಿಂದ ಬಿರುಕು ಬಿಡುತ್ತದೆ.

ಬಿಗಿತ ಹುಟ್ಟಿದ್ದು ಎಲ್ಲಿ ಎಂಬುದನ್ನು ಮೊದಲು ತಿಳಿಯಬೇಕು. ಮರವು ನೀರು ಕುಡಿದಾಗ ಉದ್ದಕ್ಕೆ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಗಾಳಿಯ ತೇವ ಶೇಕಡಾ 50ರಷ್ಟಿದ್ದಾಗ ಮರದೊಳಗೆ ಅದರ ಒಣ ತೂಕದ ಶೇಕಡಾ 9ರಷ್ಟು ನೀರಿರುತ್ತದೆ; ತೇವ 90ಕ್ಕೆ ಏರಿದರೆ ಆ ನೀರು ಶೇಕಡಾ 20ರ ಹತ್ತಿರ ಬರುತ್ತದೆ. ಬೀಚ್ ಮರದ ಹಿಗ್ಗು-ಕುಗ್ಗು ನಮ್ಮ ಸಾಗುವಾನಿಯದಕ್ಕಿಂತ ಸುಮಾರು ಎರಡು ಪಟ್ಟು. ಇಡೀ ಹಿಡಿ ಸಮನಾಗಿ ಉಬ್ಬಿದ್ದರೆ ಅದರ ಸೀಳೂ ಜೊತೆಗೆ ಅಗಲವಾಗುತ್ತಿತ್ತು, ತೊಂದರೆಯೇ ಇರುತ್ತಿರಲಿಲ್ಲ. ಆದರೆ ಹಿಡಿಯ ತಲೆಯನ್ನು ಉಕ್ಕಿನ ಪಟ್ಟಿಯೊಂದು ಸುತ್ತ ಬಿಗಿದು ಹಿಡಿದಿದೆ. ಅಲ್ಲಿ ಮರಕ್ಕೆ ಹೊರಗೆ ಹೋಗಲು ಜಾಗವಿಲ್ಲ, ಆದ್ದರಿಂದ ಒಳಕ್ಕೆ ನುಗ್ಗಿ, ಸೀಳಿನ ಎರಡು ಗೋಡೆಗಳೂ ಅಲಗಿನ ಬುಡವನ್ನು ಅಮುಕುತ್ತವೆ. ನಿಮ್ಮ ಅಲಗು ಸಿಕ್ಕಿಕೊಂಡಿರುವುದು ತುದಿಯಲ್ಲಿ ಅಲ್ಲ, ಅಲಗನ್ನು ಹಿಡಿಗೆ ಕೂಡಿಸುವ ರಿವೆಟ್ಟಿನ ಸುತ್ತ. ತುದಿಯನ್ನು ಎಷ್ಟು ಎಳೆದರೂ ಫಲವಿಲ್ಲದಿರುವುದು ಇದಕ್ಕೇ.

ಈಗ ಬಿಚ್ಚುವ ವಿಧಾನ. ಮೊದಲು ಚಾಕುವನ್ನು ಒಂದು ವಾರ ಒಣ ಜಾಗದಲ್ಲಿ ಬಿಡಿ. ನಿಮ್ಮ ಮನೆಯಲ್ಲಿ ಒಲೆಯ ಮೇಲಿನ ಅಟ್ಟ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿಯ ಬೆಚ್ಚನೆಯ ಗಾಳಿ ಮರವನ್ನು ಒಳಗಿನಿಂದ ನಿಧಾನವಾಗಿ ಒಣಗಿಸುತ್ತದೆ. ಅಟ್ಟ ಇಲ್ಲದವರು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಬಹುದು. ವಾರ ಕಳೆದ ಮೇಲೆ ಉಂಗುರವನ್ನು ತೆರೆದ ಸ್ಥಾನಕ್ಕೆ ತಿರುಗಿಸಿ, ಸೀಳು ಇರುವ ಬದಿ ಕೆಳಮುಖವಾಗುವಂತೆ ಹಿಡಿಯ ತಲೆಯ ಕಡೆ ಹಿಡಿದುಕೊಂಡು, ಸೀಳು ಮುಗಿದು ಬರಿಯ ಮರ ಉಳಿದಿರುವ ಬುಡದ ತುದಿಯನ್ನು ಗಟ್ಟಿ ಮರದ ಮಣೆಯ ಅಂಚಿಗೆ ಕುಟ್ಟಿ. ಹಿಡಿ ತಟ್ಟನೆ ನಿಲ್ಲುತ್ತದೆ, ಅಲಗು ತನ್ನ ಭಾರದ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತದೆ. ಬೆರಳುಗಳು ಅಲಗಿನ ದಾರಿಯಲ್ಲಿ ಇರಬಾರದು, ಎದುರಿಗೆ ಮಕ್ಕಳು ನಿಂತಿರಬಾರದು. ಈ ಉಪಾಯ ಒಪಿನೆಲ್ ಹುಟ್ಟಿದ ಸಾವೊಯಾ ಎಂಬ ಬೆಟ್ಟದ ಸೀಮೆಯದು. ಅಲ್ಲಿಯ ಜನ ಇದನ್ನು ಸಾವೊಯಾದವರ ಪೆಟ್ಟು ಎಂದೇ ಕರೆಯುತ್ತಾರೆ. ಆಲ್ಪ್ಸ್ ತಪ್ಪಲಿನ ಆ ಊರುಗಳಲ್ಲೂ ಮಳೆ, ಹಿಮ, ಒದ್ದೆ ಜೇಬು ಎಲ್ಲ ಇವೆ.

ತೋಟದಮನೆ:

ಒಂದು ವಾರವಲ್ಲ, ಒಂಬತ್ತು ದಿನ ಅಟ್ಟದ ಮೇಲಿಟ್ಟಿದ್ದೆ. ಮೂರನೆಯ ಪೆಟ್ಟಿಗೆ ಅಲಗು ಅರ್ಧ ಬೆರಳಿನಷ್ಟು ಹೊರಬಂತು, ಆಮೇಲೆ ಕೈಯಲ್ಲೇ ಬಿಚ್ಚಿದೆ. ಬಡಗಿಮನೆಯವರಿಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು.

ಆದರೆ ಅಲಗು ನೋಡಿ ಬೇಸರವಾಯಿತು. ಮೈಯೆಲ್ಲ ಬೂದುಗಪ್ಪು. ತುದಿಯಿಂದ ಮೂರು ಸೆಂಟಿಮೀಟರಿನವರೆಗೆ ಕೆಂಪು ತೇಪೆಗಳು, ಅವುಗಳ ಅಂಚಿನಲ್ಲಿ ಸಣ್ಣ ಸಣ್ಣ ಗುಳಿಗಳು. ತುಕ್ಕಾದರೆ ಬೆರಳಿಗೆ ಪುಡಿ ಹತ್ತಬೇಕಲ್ಲವೇ? ಇದು ಹತ್ತುವುದಿಲ್ಲ, ಬೆಳಕಿಗೆ ಹಿಡಿದರೆ ಹೊಳೆಯುತ್ತದೆ. ಇನ್ನೊಂದು ಸಂಗತಿಯನ್ನು ಮೊದಲೇ ಹೇಳಬೇಕಿತ್ತು: ಕೊಳೆ ಔಷಧಿಯಾದ ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ನಾನು ಇದೇ ಅಲಗನ್ನು ಪೀಪಾಯಿಯಲ್ಲಿ ಅದ್ದುತ್ತಿದ್ದೆ.

ಕುಲುಮೆ:

ನೀವು ಕೊನೆಗೆ ಹೇಳಿದ ಮಾತಿನಲ್ಲೇ ಉತ್ತರ ಇದೆ. ಅದು ತುಕ್ಕಲ್ಲ, ತಾಮ್ರ.

ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಎಂಬ ಲೆಕ್ಕ ತೋಟದವರಿಗೆಲ್ಲ ಬಾಯಿಪಾಠ. ಸುಣ್ಣ ಹಳೆಯದಾಗಿ ಶಕ್ತಿ ಕಡಿಮೆಯಾಗಿದ್ದರೆ ಸ್ವಲ್ಪ ಮೈಲುತುತ್ತ ಬಿಡಿಯಾಗಿ ಉಳಿಯುತ್ತದೆ. ಅದರಲ್ಲಿ ಉಜ್ಜಿದ ಕಬ್ಬಿಣವನ್ನು ಅದ್ದಿದರೆ ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗುತ್ತದೆ, ಆ ಜಾಗದಲ್ಲಿ ತಾಮ್ರ ಬಂದು ಕೂರುತ್ತದೆ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಬೇಕು ಎಂದು ತಿಳಿಯುವ ಹಿರಿಯರ ಪರೀಕ್ಷೆ ನಿಂತಿರುವುದೇ ಇದರ ಮೇಲೆ, ಮತ್ತು ಅದು ಸರಿಯಾದ ಪರೀಕ್ಷೆ. ಆದರೆ ಅದಕ್ಕೆ ಒಂದು ಹಳೆಯ ಮೊಳೆ ಸಾಕು, ಇಂಥ ಚಾಕು ಬೇಡ. ಎರಡು ಲೋಹಗಳು ಒಂದನ್ನೊಂದು ತಾಗಿಕೊಂಡು ಒದ್ದೆಯಲ್ಲಿದ್ದರೆ ತಾಮ್ರ ಉಳಿಯುತ್ತದೆ, ಅದರ ಪಕ್ಕದ ಕಬ್ಬಿಣ ಎಂದಿಗಿಂತ ಬೇಗ ಸವೆಯುತ್ತದೆ. ತೇಪೆಯ ಅಂಚಿನಲ್ಲೇ ಗುಳಿ ಬಿದ್ದಿರುವುದಕ್ಕೆ ಕಾರಣ ಇದು. ಸೀಮೆಎಣ್ಣೆಗೆ ತಾಮ್ರವನ್ನು ಕರಗಿಸುವ ಗುಣವಿಲ್ಲ, ಆದ್ದರಿಂದ ಒರೆಸಿದ್ದು ವ್ಯರ್ಥವಾಯಿತು.

ಹಾಗಾಗಿ ಅದನ್ನು ಉಜ್ಜಿಯೇ ತೆಗೆಯಬೇಕು. ಅಲಗನ್ನು ಮರದ ತುಂಡಿನ ಮೇಲೆ ಚಪ್ಪಟೆಯಾಗಿ ಮಲಗಿಸಿ, 600 ನಂಬರಿನ ನೀರುಕಾಗದದಿಂದ (ನೀರು ಹಾಕಿ ಉಜ್ಜುವ ಕಾಗದ) ಬೆನ್ನಿನಿಂದ ಬಾಯಿಯ ಕಡೆಗೆ, ಒಂದೇ ದಿಕ್ಕಿನಲ್ಲಿ ಉಜ್ಜಿ. ಕೆಂಪು ಪೂರ್ತಿ ಹೋಗುವವರೆಗೆ ನಿಲ್ಲಿಸಬೇಡಿ. ಗುಳಿಗಳ ತಳದಲ್ಲಿ ಚೂರು ಉಳಿದರೂ ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ. ಆಮೇಲೆ ಸಾಬೂನು ಹಾಕಿ ಎರಡು ಸಲ ತೊಳೆಯಿರಿ. ಮೈಲುತುತ್ತ ವಿಷ, ಆ ಅಲಗಿನಲ್ಲಿ ಇಷ್ಟು ದಿನ ಹಣ್ಣು ಕತ್ತರಿಸಿ ತಿಂದಿದ್ದರೆ ಇನ್ನು ಮುಂದೆ ಖಂಡಿತ ಬೇಡ.

ಇನ್ನು ಆ ಬೂದುಗಪ್ಪು. ಅದನ್ನು ಉಜ್ಜಿ ಬೆಳ್ಳಗೆ ಮಾಡಬೇಕೆಂದು ನಿಮಗೆ ಅನಿಸುತ್ತಿರಬಹುದು, ಆದರೆ ಅದು ನಿಮ್ಮ ಅಲಗಿನ ಕವಚ. ಅಡಿಕೆಯ ಚೊಗರು ಕಬ್ಬಿಣವನ್ನು ಕೂಡಿದಾಗ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದೆ ಬರೆಯುವ ಮಸಿಯನ್ನು ಮಾಡುತ್ತಿದ್ದುದೂ ಚೊಗರಿರುವ ಕಾಯಿ ಮತ್ತು ಕಬ್ಬಿಣದ ಉಪ್ಪಿನಿಂದಲೇ. ಕೆಂಪು ತುಕ್ಕು ಸಡಿಲವಾದದ್ದು, ನೀರನ್ನು ಹಿಡಿದಿಟ್ಟುಕೊಂಡು ಒಳಕ್ಕೆ ಕೊರೆಯುತ್ತದೆ. ಈ ಕಪ್ಪು ಪದರ ಅಂಟಿಕೊಂಡು ನಿಂತು ತುಕ್ಕನ್ನು ನಿಧಾನ ಮಾಡುತ್ತದೆ. ನಿಮ್ಮ ಮನೆಯ ಹಳೆಯ ಅಡಕತ್ತರಿಯನ್ನು ತೆಗೆದು ನೋಡಿ, ಅದೇ ಬಣ್ಣ ಇರುತ್ತದೆ. ಉಜ್ಜಿದ ಜಾಗ ಬೆಳ್ಳಗೆ ಎದ್ದು ಕಂಡರೆ, ಹಾಲು ಹಾಕದ ಗಟ್ಟಿ ಚಹಾ ಡಿಕಾಕ್ಷನ್ನಿಗೆ ಒಂದು ಚಮಚ ವಿನೆಗರ್ ಸೇರಿಸಿ, ಹಿಡಿ ತಾಗದಂತೆ ಅಲಗನ್ನು ಮಾತ್ರ ಒಂದು ಗಂಟೆ ಇಳಿಬಿಡಿ. ತೊಳೆದು ಒರೆಸಿ, ಎರಡು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೆ ಆಯಿತು.

ಬಡಗಿಮನೆ:

ಕುಲುಮೆಯವರ ಮಾತಿನ ಮೊದಲು ನಾನೂ ಅದನ್ನು ತುಕ್ಕೆಂದೇ ತಿಳಿದಿದ್ದೆ.

ಅಲಗು ಬಿಚ್ಚಿದ್ದರಿಂದ ಕೆಲಸ ಮುಗಿಯಲಿಲ್ಲ, ಮುಂದಿನ ಮಳೆಗೆ ಇದೇ ಗತಿ. ಈ ಚಾಕುವಿನಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು ಇದು: ಇಡೀ ವಸ್ತುವಿನಲ್ಲಿ ಅಲಗು, ಹಿಡಿ, ರಿವೆಟ್ಟು, ಪಟ್ಟಿ, ಉಂಗುರ ಎಂದು ಐದೇ ಭಾಗಗಳಿವೆ, ಒಂದೊಂದಕ್ಕೂ ನಮ್ಮ ಕೈ ಹೋಗುತ್ತದೆ. 1890ರಲ್ಲಿ ಜೋಸೆಫ್ ಒಪಿನೆಲ್ ಮಾಡಿದ ಚಾಕುವಿಗೆ ಉಂಗುರ ಇರಲಿಲ್ಲ; ಬಳಸುವಾಗ ಅಲಗು ಬೆರಳ ಮೇಲೆ ಮಡಚಿಕೊಳ್ಳದಂತೆ ಅದನ್ನು ಸೇರಿಸಿದವರು ಮಾರ್ಸೆಲ್ ಒಪಿನೆಲ್, 1955ರಲ್ಲಿ. ಉಳಿದಂತೆ ಆ ರೂಪ ಹೆಚ್ಚು ಬದಲಾಗಿಲ್ಲ.

ಬೈಕ್ ಗ್ಯಾರೇಜಿನಲ್ಲಿ ಉಂಗುರಗಳನ್ನು ಅಗಲಿಸಿ ತೆಗೆಯುವ ಸರ್ಕ್ಲಿಪ್ ಇಕ್ಕಳ ಇರುತ್ತದೆ, ಕೇಳಿ ತನ್ನಿ. ಅಲಗನ್ನು ಬಿಚ್ಚಿ, ಬಾಯಿಗೆ ದಪ್ಪ ಟೇಪು ಸುತ್ತಿ, ಉಂಗುರದ ತೆರಪಿನ ಎರಡು ಅಂಚುಗಳನ್ನು ಆ ಇಕ್ಕಳದಿಂದ ತುಸುವೇ ಅಗಲಿಸಿ ಮುಂದಕ್ಕೆ ಜಾರಿಸಿ ತೆಗೆಯಿರಿ. ಹೆಚ್ಚು ಅಗಲಿಸಿದರೆ ಉಂಗುರ ತನ್ನ ಬಿಗಿ ಕಳೆದುಕೊಳ್ಳುತ್ತದೆ. ಈಗ ಅಲಗನ್ನು ಅರ್ಧ ಮಡಚಿ, 220 ನಂಬರಿನ ಉಜ್ಜುಕಾಗದದ ಪಟ್ಟಿಯನ್ನು ಅಲಗಿನ ಬುಡಕ್ಕೂ ಮರಕ್ಕೂ ನಡುವೆ, ಉರುಟು ಮೈ ಮರದ ಕಡೆಗಿರುವಂತೆ ತೂರಿಸಿ, ಎರಡು ಬದಿಗೂ ಹತ್ತು ಹತ್ತು ಸಲ ಎಳೆಯಿರಿ. ಅಷ್ಟೇ ಸಾಕು. ಈಗ ಮರ ಇನ್ನೂ ಪೂರ್ತಿ ಕುಗ್ಗಿಲ್ಲ ಎಂಬುದು ನೆನಪಿರಲಿ. ಈಗಲೇ ಸರಾಗವಾಗುವಷ್ಟು ಉಜ್ಜಿದರೆ ಮಾರ್ಚ್ ತಿಂಗಳಲ್ಲಿ ಅಲಗು ಗಡಗಡ ಅಲ್ಲಾಡುತ್ತದೆ.

ಆಮೇಲೆ ಅಗಸೆ ಎಣ್ಣೆ. ಕೊಬ್ಬರಿ ಎಣ್ಣೆ ಅಲಗಿಗೆ ಒಳ್ಳೆಯದು, ಮರಕ್ಕೆ ಬೇಡ, ಏಕೆಂದರೆ ಅದು ಎಂದೂ ಒಣಗುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಮರದ ರಂಧ್ರಗಳೊಳಗೇ ಗಟ್ಟಿಯಾಗುತ್ತದೆ. ಪೇಂಟ್ ಅಂಗಡಿಯ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಊಟದ ವಸ್ತು ಕತ್ತರಿಸುವ ಚಾಕುವಿಗೆ ತಿನ್ನುವ ಅಗಸೆ ಎಣ್ಣೆಯೇ ಸರಿ, ತಡವಾದರೂ ಚಿಂತೆಯಿಲ್ಲ. ಹಿಡಿಯ ಹೊರಮೈಗೆ ವಾರ್ನಿಷ್ ಇದೆ, ಅಲ್ಲಿ ಎಣ್ಣೆ ಇಳಿಯುವುದಿಲ್ಲ. ಸೀಳಿನ ಒಳಗೋಡೆ ಮತ್ತು ತಲೆಯ ಕಡೆ ಕೊಯ್ದ ಮುಖ ಬರಿಯ ಮರ, ನೀರು ಹೊಕ್ಕಿದ್ದೂ ಅಲ್ಲಿಂದಲೇ. ಹತ್ತಿಯ ಬತ್ತಿಯಿಂದ ಅಲ್ಲಿಗೆ ತೆಳುವಾಗಿ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ಉಳಿದದ್ದನ್ನು ಪೂರ್ತಿ ಒರೆಸಿ, ನಾಲ್ಕು ದಿನ ಅಟ್ಟದ ಮೇಲಿಡಿ. ಹೀಗೆ ಮೂರು ಸಲ ಮಾಡಿ, ಕೊನೆಗೆ ಅದೇ ಜಾಗಕ್ಕೆ ಜೇನುಮೇಣ ಉಜ್ಜಿ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹೊರಬರುತ್ತದೆ, ಮುದ್ದೆಯೊಳಗೆ ಆ ಶಾಖ ಸೇರಿಕೊಂಡು ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಲ್ಲದು. ಅಟ್ಟದ ಹತ್ತಿರವಂತೂ ಬೇಡವೇ ಬೇಡ. ನೀರಲ್ಲಿ ನೆನೆಸಿ, ಅಂಗಳದಲ್ಲಿ ಹರಡಿ ಒಣಗಿಸಿ.

ಗುಡ್ಡದಂಚು:

ಬೆಂಕಿಗೆ ಹಿಡಿಯಲು ಹೇಳಿದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಬಟ್ಟೆಯ ವಿಷಯ ತಿಳಿದೇ ಇರಲಿಲ್ಲ. ನಮ್ಮ ಮನೆಯ ಬಾಗಿಲಿಗೆ ಇದೇ ಎಣ್ಣೆ ಹಚ್ಚುವವರಿದ್ದೇವೆ.

ತೋಟದಮನೆ:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ತಾಮ್ರ ಪೂರ್ತಿ ಹೋಯಿತು, ಎರಡು ಗುಳಿಗಳು ಹಾಗೇ ಉಳಿದಿವೆ, ಆದರೆ ಅವು ಬಾಯಿಯಿಂದ ದೂರವಿರುವುದರಿಂದ ಕೊಯ್ಯಲು ಅಡ್ಡಿಯಿಲ್ಲ. ಚಹಾದಲ್ಲಿಟ್ಟ ಮೇಲೆ ಇಡೀ ಅಲಗು ಒಂದೇ ಬಣ್ಣಕ್ಕೆ ಬಂದಿದೆ. ಅಜ್ಜಿಯ ಅಡಕತ್ತರಿಯ ಪಕ್ಕದಲ್ಲಿಟ್ಟು ನೋಡಿದೆ, ನಿಜವಾಗಿಯೂ ಒಂದೇ ಕುಲುಮೆಯಿಂದ ಬಂದಂತೆ ಕಾಣುತ್ತವೆ. ಎಣ್ಣೆ ಮೂರು ಸಲ, ಮೇಣ ಒಂದು ಸಲ ಆಯಿತು. ನಿನ್ನೆ ದಿನವಿಡೀ ಮಳೆ ಸುರಿಯಿತು, ಚಾಕು ಜೇಬಿನಲ್ಲೇ ಇತ್ತು, ಸಂಜೆ ಉಗುರಿನಿಂದಲೇ ಬಿಚ್ಚಿದೆ. ದ್ರಾವಣದ ಪೀಪಾಯಿಗೆ ಒಂದು ಮೊಳೆಯನ್ನು ದಾರ ಕಟ್ಟಿ ತೂಗುಹಾಕಿದ್ದೇನೆ. ಉಳಿದಿರುವ ತೊಂದರೆ ಒಂದೇ: ಉಂಗುರ ಮೊದಲಿನಷ್ಟು ಬಿಗಿಯಾಗಿಲ್ಲ, ಬೀಗದ ಸ್ಥಾನದಿಂದ ತಾನಾಗಿ ಸ್ವಲ್ಪ ಜರುಗುತ್ತದೆ.

ಬಡಗಿಮನೆ:

ತೆಗೆಯುವಾಗ ಕೊಂಚ ಹೆಚ್ಚು ಅಗಲವಾಗಿರಬೇಕು. ಮತ್ತೆ ಹೊರತೆಗೆದು, ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ, ಉಂಗುರದ ಎರಡು ಅಂಚುಗಳು ಕೂದಲೆಳೆಯಷ್ಟು ಹತ್ತಿರ ಬರುವಂತೆ ಒತ್ತಿ, ಹಾಕಿ ನೋಡಿ. ಸಾಲದಿದ್ದರೆ ಇನ್ನೊಮ್ಮೆ ಒತ್ತಿ. ಉಂಗುರ ಬೀಗದಲ್ಲಿ ಗಟ್ಟಿಯಾಗಿ ನಿಲ್ಲುವವರೆಗೆ ಅಲಗಿಗೆ ಬಲ ಬೀಳುವ ಕೆಲಸ ಮಾಡಬೇಡಿ.