ತೂಕದ ಚಪ್ಪಾಳೆ

ವಿಜಯಪುರದ ನಮ್ಮ ಸಂಜೆಯ ಚಹಾ ಕೂಟಕ್ಕೆ ಮೂವರೇ ಸದಸ್ಯರು: ನಿವೃತ್ತ ಕನ್ನಡ ಮಾಸ್ತರರು, ಒಣದ್ರಾಕ್ಷಿಯ ದಲಾಲರು ಮತ್ತು ಬರೆದದ್ದನ್ನೆಲ್ಲ ಅವರಿಬ್ಬರಿಗೆ ಓದಿ ಹೇಳಿ ಕಾಡುವ ನಾನು. ಬರೆದವರಿಗೆ ಕ್ರಿಪ್ಟೊ ನಾಣ್ಯದಲ್ಲಿ ಸಂಭಾವನೆ ಕೊಡುವ ಒಂದು ಜಾಲತಾಣದಲ್ಲಿ, ಅದರ ಹೆಸರು ಬೇಡ, ನಮ್ಮೂರಿನ ಹಳೆಯ ಬಾವಿ ತಾಜ್ ಬಾವಡಿಯ ಕುರಿತು 3 ವಾರ ತಿಣುಕಿ ಬರೆದ ನನ್ನ ಲೇಖನಕ್ಕೆ ಮೊನ್ನೆ 11 ಪೈಸೆ ಬಂದಿತ್ತು. ಅದೇ ದಿನ ಯಾರೋ ಅರ್ಧ ಕುಡಿದ ಚಹಾ ಲೋಟದ ಚಿತ್ರ ಹಾಕಿ, ಕೆಳಗೆ ‘ಶುಭೋದಯ’ ಎಂದು ಬರೆದು 3,000 ರೂಪಾಯಿಯಷ್ಟು ಗಳಿಸಿದ್ದರು.

“ಲೋಟ ಬೆಳ್ಳಿಯದೇನು?” ಎಂದು ದಲಾಲರು ಕೇಳಿದರು.

“ಲೋಟ ಸ್ಟೀಲಿನದೇ, ಹಿಡಿದ ಕೈ ಬಂಗಾರದ್ದು,” ಎಂದೆ.

ಈ ಪದ್ಧತಿಗೆ ದಾರಿ ಹಾಕಿಕೊಟ್ಟದ್ದು 2016ರಲ್ಲಿ ಆರಂಭವಾದ ಸ್ಟೀಮಿಟ್ ಎಂಬ ಜಾಲತಾಣವೆಂದು ವಿವರಿಸಿದೆ. ಅಲ್ಲಿ ಬರಹಕ್ಕೆ ಬಿದ್ದ ಮತ ನೋಡಿ ಎಲ್ಲರ ಹುಂಡಿಯಿಂದ ಸಂಭಾವನೆ. ಮತ ಎಲ್ಲರಿಗೂ ಉಂಟು, ಆದರೆ ನಾಣ್ಯವನ್ನು ‘ಸ್ಟೀಮ್ ಪವರ್’ ಆಗಿ ಕಟ್ಟಿಟ್ಟವರ ಮತ ಅವರವರ ಗಂಟಿನಷ್ಟೇ ಭಾರ. ದೊಡ್ಡ ಗಂಟಿನವರು ತಿಮಿಂಗಿಲಗಳು, ನನ್ನಂಥವರು ಮೀನಿನ ಮರಿಗಳು. ಆರಂಭದಲ್ಲಂತೂ ಬರಹಕ್ಕೆ ಬಿದ್ದ ಮತಗಳ ತೂಕ ಹತ್ತು ಪಟ್ಟಾದರೆ ಸಂಭಾವನೆ ನೂರು ಪಟ್ಟಾಗುವ ವರ್ಗದ ಲೆಕ್ಕವಿತ್ತು. 2017ರಲ್ಲಿ ಅದನ್ನು ನೇರ ಅನುಪಾತಕ್ಕೆ ಇಳಿಸಿದರು.

“ತನ್ನ ಬರಹಕ್ಕೆ ತಾನೇ ಮತ ಹಾಕಿಕೊಳ್ಳಬಹುದೇ?”

“ಧಾರಾಳವಾಗಿ.”

ದಲಾಲರು ಲೋಟ ಕೆಳಗಿಟ್ಟರು. “ನಮ್ಮ ಎಪಿಎಂಸಿಯಲ್ಲಿ ಬಾಕ್ಸ್ ಬಿಚ್ಚಿ, ನಾಲ್ಕು ಕಾಳನ್ನು ಅಂಗೈಯಲ್ಲಿ ಉಜ್ಜಿ, ಹಸಿರೋ ಕಪ್ಪೋ ನೋಡಿದ ಮೇಲೆಯೇ ಸವಾಲು ಕೂಗುತ್ತೇವೆ. ಮಾಲು ತಂದವನೇ ಸವಾಲು ಕೂಗಿ, ಹಣವನ್ನು ಎಲ್ಲರ ಹುಂಡಿಯಿಂದ ಎಣಿಸಿಕೊಳ್ಳುವ ಹಾಗಿದ್ದರೆ, ನಾನು ಕಡ್ಡಿ ಸಹಿತ ಕಪ್ಪು ಕಾಳನ್ನೇ ತರುತ್ತಿದ್ದೆ.”

“ಗೋಳಗುಮ್ಮಟದಲ್ಲಿಯೂ ಒಬ್ಬನೇ ಚಪ್ಪಾಳೆ ತಟ್ಟಿದರೆ ಏಳು ಕೇಳಿಸುತ್ತದೆ,” ಎಂದರು ಮಾಸ್ತರರು. “ಆದರೆ ಗುಮ್ಮಟ ಅದಕ್ಕೆ ಬಾಡಿಗೆ ಕೇಳುವುದಿಲ್ಲ.”

ಬಾಡಿಗೆ ಚಪ್ಪಾಳೆಯೂ ಅಲ್ಲಿ ನಡೆದಿತ್ತು: ನಾಣ್ಯ ಕಳಿಸಿದರೆ ಬರಹದ ಒಂದಕ್ಷರವನ್ನೂ ಓದದೆ ಭಾರದ ಮತ ಹಾಕುವ ಬಾಟ್‌ಗಳು, ಅಂದರೆ ತಾವೇ ನಡೆಯುವ ತಂತ್ರಾಂಶಗಳು, ಇದ್ದವು.

“ರಾಜರೂ ಕವಿಗಳಿಗೆ ಹೊನ್ನು ಕೊಟ್ಟರಲ್ಲ?” ಎಂದು ದಲಾಲರು ವಾದ ಹೂಡಿದರು.

“ಕೊಟ್ಟರು, ಸಾಹುಕಾರರೇ. ಆದರೆ ಕೊಟ್ಟದ್ದರಲ್ಲಿ ಅರ್ಧವನ್ನು ಮರಳಿ ತಮ್ಮ ಬೊಕ್ಕಸಕ್ಕೆ ಹಾಕಿಕೊಳ್ಳಲಿಲ್ಲ.”

ಮಾಸ್ತರರ ಊಹೆ ಸರಿಯಾಗಿಯೇ ತಾಗಿತ್ತು. ಬರಹದ ಸಂಭಾವನೆಯಲ್ಲಿ ಮತ ಹಾಕಿದವರಿಗೂ ಪಾಲುಂಟು, ಮತ್ತು 2019ರಿಂದ ಆ ಪಾಲು ಅರ್ಧ. ಹೀಗಾಗಿ ಚಾಲಾಕಿ ಮೀನು ಒಳ್ಳೆಯ ಬರಹವನ್ನು ಹುಡುಕುತ್ತ ಕೂರುವುದಿಲ್ಲ. ತಿಮಿಂಗಿಲ ಯಾವ ಕಡೆ ಬಾಯಿ ತೆರೆಯಲಿದೆ ಎಂದು ನೋಡಿ ಅಲ್ಲಿಗೆ ಮೊದಲೇ ಈಜಿ ಹೋಗುತ್ತದೆ. ನನ್ನ ಬಾವಡಿಯ ಬಳಿ ತಿಮಿಂಗಿಲಕ್ಕೆ ಏನು ಕೆಲಸ?

2020ರ ಕಥೆ ಮಾತ್ರ ದಲಾಲರ ನಿದ್ದೆ ಕೆಡಿಸುವಂಥದು. ಆ ವರ್ಷ ಜಸ್ಟಿನ್ ಸನ್ ಎಂಬ ಉದ್ಯಮಿ ಸ್ಟೀಮಿಟ್ ಕಂಪನಿಯನ್ನು ಕೊಂಡಾಗ, ಜಾಲದ ಆಡಳಿತ ಯಾರ ಕೈಯಲ್ಲಿರಬೇಕೆಂಬ ಜಗಳ ಎದ್ದು, ನಾಣ್ಯ ಕೊಂಡು ಮಾರುವ ಕೆಲವು ವಿನಿಮಯ ಕೇಂದ್ರಗಳು ಗ್ರಾಹಕರು ತಮ್ಮಲ್ಲಿ ಇರಿಸಿದ್ದ ನಾಣ್ಯಗಳ ಬಲದಿಂದಲೇ ಸನ್ ಅವರ ಪರ ಮತ ಹಾಕಿಬಿಟ್ಟವು. ಮುನಿದವರು ಮಾರ್ಚ್ ತಿಂಗಳಲ್ಲಿ ಬೇರೆಯಾಗಿ ‘ಹೈವ್’ ಎಂಬ ಹೊಸ ಬ್ಲಾಕ್‌ಚೈನ್, ಅಂದರೆ ತಮ್ಮದೇ ಲೆಕ್ಕದ ಜಾಲ, ಕಟ್ಟಿಕೊಂಡರು.

“ಅಂದರೆ ನಾನು ಕೋಲ್ಡ್ ಸ್ಟೋರೇಜಿನಲ್ಲಿಟ್ಟ ದ್ರಾಕ್ಷಿಯನ್ನು ತೋರಿಸಿ ಆ ಸ್ಟೋರೇಜಿನ ಮಾಲೀಕ ಎಪಿಎಂಸಿಯ ಚುನಾವಣೆ ಗೆದ್ದಂತೆ!” ಎಂದು ದಲಾಲರು ಎದ್ದೇ ನಿಂತರು. ಮಾಸ್ತರರು ಇದು ಸಾಹಿತ್ಯಕ್ಕೆ ಬಂದ ಕೇಡುಗಾಲವೆಂದು ಕಾಲು ಗಂಟೆ ಗುಡುಗಿದರು.

ಸ್ವಲ್ಪ ಹೊತ್ತು ಸುಮ್ಮನಿದ್ದ ದಲಾಲರು ದನಿ ತಗ್ಗಿಸಿ, “ಈ ಸಲದ ಮಾಲು ಪೂರ್ತಿ ಮಾರಿ ಹಾಕಿದರೆ ನಾನೆಷ್ಟು ದೊಡ್ಡ ತಿಮಿಂಗಿಲವಾಗಬಹುದು?” ಎಂದು ನನ್ನನ್ನು ಕೇಳಿದರು.

ನಾನು ಉತ್ತರಿಸುವ ಮೊದಲೇ ಮಾಸ್ತರರು ಕುರ್ಚಿಯನ್ನು ಅವರ ಕಡೆ ಎಳೆದುಕೊಂಡು, “ಸಾಹುಕಾರರೇ, ನಿಮ್ಮ ಒಣದ್ರಾಕ್ಷಿಯ ಬಣ್ಣದ ಕುರಿತು ನಾಲ್ಕು ಪುಟ ಬರೆಯಬೇಕೆಂದು ನನಗೆ ಬಹಳ ದಿನದ ಆಸೆ,” ಎಂದರು.