ಓವರ್‌ಡ್ರಾಫ್ಟ್ (ಓಡಿ) ಮಿತಿ ಮೀರಿದೆ, ಸೆಟಲ್‌ಮೆಂಟ್ ಮಾಡಿಕೊಳ್ಳಬಹುದೇ? ಅನುಭವಸ್ಥರು ತಿಳಿಸಿ

ಪ್ರಶ್ನೆ: ಶಿವಮೊಗ್ಗದಿಂದ

ನಾನು ಮತ್ತು ನನ್ನ ಯಜಮಾನರು ಚಿಕ್ಕ ಮುದ್ರಣಾಲಯ ನಡೆಸುತ್ತೇವೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರ ಇವೇ ಮುಖ್ಯ ಕೆಲಸ. ಮದುವೆಯ ಕರೆಯೋಲೆ ವಾಟ್ಸ್‌ಆ್ಯಪ್‌ಗೆ ಹೋದ ಮೇಲೆ ವ್ಯಾಪಾರ ಬಹಳ ಇಳಿದಿದೆ. ಅಂಗಡಿಯ ಹೆಸರಿನಲ್ಲಿ 5 ಲಕ್ಷ ರೂಪಾಯಿ ಮಿತಿಯ ಓವರ್‌ಡ್ರಾಫ್ಟ್ ಇದೆ, ಅಂದರೆ ಆ ಮಿತಿಯವರೆಗೆ ಬೇಕಾದಾಗ ತೆಗೆದು ಬಳಸುವ ಬ್ಯಾಂಕ್ ಸಾಲ. ಅದನ್ನು ಪೂರ್ತಿ ತೆಗೆದು ಬಳಸಿದ್ದೇವೆ, ಈಗ ಬಡ್ಡಿ ಸೇರಿ ಮಿತಿಯೂ ದಾಟಿದೆ. ಶಾಖೆಯವರು ಫೋನ್ ಮಾಡಿ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ ಎನ್ನುತ್ತಿದ್ದಾರೆ. ಪರಿಚಯದ ಏಜೆಂಟ್ ಒಬ್ಬರು, "ಎನ್‌ಪಿಎ ಆಗಲಿ ಬಿಡಿ, ಆಮೇಲೆ ಅರ್ಧ ಹಣಕ್ಕೆ ಸೆಟಲ್‌ಮೆಂಟ್ ಮಾಡಿಸುತ್ತೇನೆ, ಸಿಬಿಲ್ (ಸಾಲದ ದಾಖಲೆ) ಕೂಡ ಸರಿ ಮಾಡಿಸುತ್ತೇನೆ" ಎಂದು ಮುಂಗಡ ಕೇಳುತ್ತಿದ್ದಾರೆ. ಮುಂದಿನ ವರ್ಷ ಮಗಳಿಗೆ ಶಿಕ್ಷಣ ಸಾಲ ಬೇಕಾಗುತ್ತದೆ. ಇದನ್ನು ದಾಟಿ ಬಂದವರು ದಯವಿಟ್ಟು ದಾರಿ ಹೇಳಿ.

ಮೈಸೂರಿನ ನಿವೃತ್ತ ಬ್ಯಾಂಕ್ ಅಧಿಕಾರಿ

ತಾಯಿ, ಆ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಖಾತೆ ಎನ್‌ಪಿಎ ಆಗಲಿ ಎಂದು ಕಾಯುವುದು ನಿಮಗೆ ಯಾವ ರೀತಿಯಲ್ಲೂ ಒಳ್ಳೆಯದಲ್ಲ.

ಓಡಿ ಖಾತೆಗೆ ತಿಂಗಳ ಕಂತು ಇರುವುದಿಲ್ಲ. ಹಾಗಾಗಿ ಕಂತು ತಪ್ಪಿಲ್ಲ, ನಾವು ಸುಸ್ತಿದಾರರಲ್ಲ ಎಂದು ಅನೇಕರು ತಿಳಿದಿರುತ್ತಾರೆ. ಬ್ಯಾಂಕು ನೋಡುವ ರೀತಿಯೇ ಬೇರೆ. ಬಾಕಿ ಸತತವಾಗಿ 90 ದಿನ ಮಿತಿಗಿಂತ ಮೇಲೆಯೇ ನಿಂತರೆ ಖಾತೆ ಎನ್‌ಪಿಎ. ಮಿತಿಯೊಳಗಿದ್ದರೂ 90 ದಿನ ಜಮೆಯೇ ಆಗದಿದ್ದರೆ ಎನ್‌ಪಿಎ. ಜಮೆ ಆಗಿದ್ದರೂ ಆ ಅವಧಿಯಲ್ಲಿ ಹಾಕಿದ ಬಡ್ಡಿಗೆ ಅದು ಸಾಲದಿದ್ದರೆ ಆಗಲೂ ಎನ್‌ಪಿಎ. ಅಂಗಡಿಯ ಹಣವನ್ನೆಲ್ಲ ಮನೆಯವರ ಉಳಿತಾಯ ಖಾತೆಯ ಯುಪಿಐಗೆ ತೆಗೆದುಕೊಂಡು ಓಡಿ ಖಾತೆಯನ್ನು ಒಣಗಲು ಬಿಟ್ಟವರ ಖಾತೆಗಳು ಕೆಟ್ಟದ್ದನ್ನು ನಾನು ಎಷ್ಟೋ ನೋಡಿದ್ದೇನೆ. ವ್ಯಾಪಾರ ಇತ್ತು, ಖಾತೆಯಲ್ಲಿ ಮಾತ್ರ ಕಾಣುತ್ತಿರಲಿಲ್ಲ.

5 ಲಕ್ಷಕ್ಕೆ ವರ್ಷಕ್ಕೆ ಶೇ 11ರ ಬಡ್ಡಿ ಎಂದುಕೊಂಡರೆ ತಿಂಗಳಿಗೆ ಸುಮಾರು 4,600 ರೂಪಾಯಿ ಆಗುತ್ತದೆ. ಇಷ್ಟು ಪ್ರತಿ ತಿಂಗಳೂ ಜಮೆ ಆಗಲೇಬೇಕು. ಇಂದಿನಿಂದಲೇ ಅಂಗಡಿಯ ಕ್ಯೂಆರ್ ಕೋಡನ್ನು ಓಡಿ ಖಾತೆಗೆ ಜೋಡಿಸಿ. ಐನೂರು ಬಂದರೂ ಅಲ್ಲಿಗೇ ಬರಲಿ. ಸಂಬಂಧಿಕರ ಹಣ ಹಾಕಿ ಮರುದಿನವೇ ತೆಗೆಯುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ, ಬೇಡ. ಲೆಕ್ಕಪರಿಶೋಧಕರಿಗೆ ಅದು ಒಂದೇ ನೋಟಕ್ಕೆ ಕಾಣುತ್ತದೆ. ಸಾಲ ನವೀಕರಣದ ದಿನಾಂಕ ಕಳೆದಿದೆಯೇ, ಸ್ಟಾಕ್ ಸ್ಟೇಟ್‌ಮೆಂಟ್ (ಅಂಗಡಿಯ ಸರಕಿನ ಲೆಕ್ಕ) ಕೊಡುವುದು ಬಾಕಿ ಇದೆಯೇ ಎಂದೂ ಕೇಳಿ. ಹಳೆಯ ಸ್ಟಾಕ್ ಲೆಕ್ಕದಿಂದಾಗಿ ಡ್ರಾಯಿಂಗ್ ಪವರ್ (ಸರಕಿನ ಲೆಕ್ಕದ ಮೇಲೆ ತೆಗೆಯಬಹುದಾದ ಮೊತ್ತ) ಇಳಿದು, ಮಿತಿ ಮೀರಿದಂತೆ ಕಾಣುವುದೂ ಉಂಟು.

ಇನ್ನು ಮುಖ್ಯವಾದ ಮಾತು. ನಿಮಗೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮವೆಂಬ ಸರ್ಕಾರಿ ನೋಂದಣಿ) ಇದೆಯೇ? ಇದ್ದರೆ ಸಣ್ಣ ಉದ್ಯಮಗಳ ಪುನಶ್ಚೇತನಕ್ಕೆಂದು 2015ರಲ್ಲಿ ಕೇಂದ್ರ ಸರ್ಕಾರ ಅಧಿಸೂಚಿಸಿದ ಚೌಕಟ್ಟು ನಿಮಗೆ ಅನ್ವಯಿಸುತ್ತದೆ. ಖಾತೆ ಎನ್‌ಪಿಎ ಆಗುವ ಮೊದಲೇ, ತೊಂದರೆಯಲ್ಲಿದ್ದೇವೆ ಎಂದು ಉದ್ಯಮದವರೇ ಬರೆದುಕೊಡಬಹುದು. 10 ಲಕ್ಷದವರೆಗಿನ ಸಾಲವಾದರೆ ಪರಿಹಾರವನ್ನು ಪರಿಶೀಲಿಸುವ ಹೊಣೆ ಶಾಖಾ ವ್ಯವಸ್ಥಾಪಕರದ್ದೇ. ನಿಮ್ಮ ಅರ್ಜಿಯಲ್ಲಿ ಕೇಳಬೇಕಾದದ್ದು ಇಷ್ಟು: ಮಿತಿಯ ಒಂದು ಭಾಗವನ್ನು ಅವಧಿ ಸಾಲವಾಗಿ ಬದಲಿಸಿ ಕಂತು ಕಟ್ಟಿಕೊಡಿ, ಉಳಿದದ್ದನ್ನು ಚಿಕ್ಕ ಓಡಿಯಾಗಿ ನಡೆಸಲು ಬಿಡಿ. ವ್ಯಾಪಾರ ಅರ್ಧವಾಗಿದ್ದರೆ 5 ಲಕ್ಷದ ಮಿತಿ ನಿಮಗೆ ಬೇಕಾಗಿಯೂ ಇಲ್ಲ. ಫೋನಿನಲ್ಲಿ ಮಾತಾಡಿ ಸುಮ್ಮನಾಗಬೇಡಿ. ಅರ್ಜಿಯ ಪ್ರತಿಯ ಮೇಲೆ ಶಾಖೆಯ ಮೊಹರು, ತಾರೀಕು, ಸಹಿ ಹಾಕಿಸಿಕೊಳ್ಳಿ.

ಒಮ್ಮೆ ಎನ್‌ಪಿಎ ಆದರೆ ಸ್ವಲ್ಪ ಹಣ ಕಟ್ಟಿದ ಮಾತ್ರಕ್ಕೆ ಖಾತೆ ಮೊದಲಿನಂತಾಗುವುದಿಲ್ಲ. ಬಾಕಿ ಬಿದ್ದ ಬಡ್ಡಿ, ಅಸಲು ಎರಡೂ ಪೂರ್ತಿ ಬರಬೇಕು ಎಂದು 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಿದೆ. ಆದ್ದರಿಂದ ಈಗ ಉಳಿದಿರುವ ದಿನಗಳೇ ನಿಮ್ಮ ಬಲ.

ಹುಬ್ಬಳ್ಳಿಯ ಹಾರ್ಡ್‌ವೇರ್ ವ್ಯಾಪಾರಿ

ಅಕ್ಕ, ಸೆಟಲ್‌ಮೆಂಟ್ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಅಣ್ಣನ ಖಾತೆಯಲ್ಲಿ ಅದನ್ನು ಕಣ್ಣಾರೆ ಕಂಡಿದ್ದೇನೆ. ಅಂಗಡಿ ಮುಚ್ಚಿದ ಮೇಲೆ ಬ್ಯಾಂಕಿನವರೇ ಕರೆದು ಏಕಕಾಲಿಕ ತೀರುವಳಿಗೆ ಒಪ್ಪಿಸಿದರು. ಬಾಕಿಯಲ್ಲಿ ದೊಡ್ಡ ಪಾಲು ಬಿಟ್ಟರು. ಮನೆಯವರೆಲ್ಲ ನಿಟ್ಟುಸಿರು ಬಿಟ್ಟೆವು. ಇದು ದಾಖಲೆಯಲ್ಲಿ ಹೇಗೆ ಕಾಣುತ್ತದೆ ಎಂದು ಆಗ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮುಂದೆ ಅಣ್ಣ ಗೃಹಸಾಲ ಕೇಳಿದಾಗ ಬ್ಯಾಂಕಿನವರು ಅವನ ಸಿಬಿಲ್ ವರದಿಯನ್ನು ಮೇಜಿನ ಮೇಲಿಟ್ಟರು. ಓವರ್‌ಡ್ರಾಫ್ಟ್ ಎಂಬ ಸಾಲಿನ ಎದುರು ಸ್ಥಿತಿ "ಸೆಟಲ್ಡ್". ಅದರ ಕೆಳಗೆ ಬಿಟ್ಟುಕೊಟ್ಟ ಮೊತ್ತ ರೂಪಾಯಿ ಲೆಕ್ಕದಲ್ಲಿ ಇತ್ತು. ಅದರ ಕೆಳಗೆ ತಿಂಗಳುವಾರು ಪುಟ್ಟ ಚೌಕಗಳು, ಒಂದೊಂದರಲ್ಲೂ ಎಷ್ಟು ದಿನ ತಡ ಎಂಬ ಅಂಕಿ: 030, 061, 090, ಹಾಗೇ ಏರುತ್ತಾ ಹೋಗಿತ್ತು. ಮೂರು ವರ್ಷಗಳ ಚೌಕಗಳು ಒಂದೇ ಪುಟದಲ್ಲಿ. ಅಧಿಕಾರಿ ಸಿಬಿಲ್ ಅಂಕವನ್ನು (ಸ್ಕೋರ್) ನೋಡಲೇ ಇಲ್ಲ, ಬೆರಳಿಟ್ಟದ್ದು "ಸೆಟಲ್ಡ್" ಎಂಬ ಪದದ ಮೇಲೆ.

ಸಾಲ ತೀರಿದೆ ಎಂಬುದಕ್ಕೂ ರಾಜಿಯಾಗಿದೆ ಎಂಬುದಕ್ಕೂ ಅಜಗಜಾಂತರ. ಪೂರ್ತಿ ಕಟ್ಟಿದರೆ "ಕ್ಲೋಸ್ಡ್". ಕಡಿಮೆಗೆ ಮುಗಿಸಿದರೆ "ಸೆಟಲ್ಡ್". ಲೋಕ ಅದಾಲತ್‌ನಲ್ಲಿ ಕಡಿಮೆ ಹಣಕ್ಕೆ ರಾಜಿಯಾದರೂ ಸಾಮಾನ್ಯವಾಗಿ ದಾಖಲಾಗುವುದು ಹೀಗೆಯೇ. ಕೃಷಿಯೇತರ ಸಾಲಗಳಲ್ಲಿ ಹೀಗೆ ರಾಜಿ ಮಾಡಿಕೊಂಡವರಿಗೆ ಅದೇ ಬ್ಯಾಂಕು ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ ಎಂದು 2023ರ ಜೂನ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮವೂ ಇದೆ.

ಕೊನೆಗೆ ಅಣ್ಣ ಬ್ಯಾಂಕಿಗೆ ಪತ್ರ ಬರೆದು, ಬಿಟ್ಟ ಮೊತ್ತವನ್ನೂ ಕಟ್ಟುತ್ತೇನೆ, ದಾಖಲೆ ತಿದ್ದಿಸಿಕೊಡಿ ಎಂದು ಕೇಳಿದ. ತಿದ್ದುತ್ತೇವೆ ಎಂದು ಲಿಖಿತವಾಗಿ ಒಪ್ಪಿದ ಮೇಲೆಯೇ ಹಣ ಕಟ್ಟಿದ. ಬಾಕಿ ಇಲ್ಲ ಎಂಬ ಪತ್ರ ಕೈಗೆ ಬಂತು, ಸ್ಥಿತಿಯೂ ಬದಲಾಯಿತು. ಹಳೆಯ ಚೌಕಗಳು ಮಾತ್ರ ಉಳಿದವು, ಅವು ಕಾಲ ಕಳೆದಂತೆ ಹಿಂದೆ ಸರಿಯಬೇಕು ಅಷ್ಟೆ. ಹಾಗೆಂದು ಸೆಟಲ್‌ಮೆಂಟ್ ಯಾರಿಗೂ ಬೇಡ ಎಂದು ನಾನು ಹೇಳುವುದಿಲ್ಲ. ಅಂಗಡಿ ಮುಚ್ಚಿ ದುಡಿಮೆಯೇ ನಿಂತವರಿಗೆ, ಕಾಯಿಲೆ ಬಿದ್ದವರಿಗೆ ಅದು ನ್ಯಾಯವಾದ ದಾರಿ. ನಿಮ್ಮ ಯಂತ್ರ ಇನ್ನೂ ಓಡುತ್ತಿದೆ, ಮಗಳ ಸಾಲ ಎದುರಿಗಿದೆ. ನೀವು ಆ ಕಡೆ ಹೋಗಬೇಡಿ.

ತುಮಕೂರಿನಿಂದ, ಬೇಕರಿ ನಡೆಸುವವರು

ಒಂದು ಎಚ್ಚರಿಕೆ. ಅಂಗಡಿ ಯಜಮಾನರೊಬ್ಬರ ಏಕಮಾಲೀಕತ್ವದಲ್ಲಿದ್ದರೆ ಕಾನೂನಿನ ಕಣ್ಣಿಗೆ ಅಂಗಡಿಯೂ ಅವರೂ ಒಂದೇ. ಅದೇ ಬ್ಯಾಂಕಿನಲ್ಲಿರುವ ಅವರ ಉಳಿತಾಯ ಖಾತೆಯ ಹಣವನ್ನು ಓಡಿ ಬಾಕಿಗೆ ಹೊಂದಿಸಿಕೊಳ್ಳುವ ಹಕ್ಕು ಬ್ಯಾಂಕಿಗೆ ಇರುತ್ತದೆ. ನಮಗೆ ಹಾಗೆಯೇ ಆಯಿತು, ಮಗನ ಶಾಲಾ ಶುಲ್ಕಕ್ಕೆ ಇಟ್ಟ ಹಣ ಒಂದು ಬೆಳಗ್ಗೆ ಇರಲಿಲ್ಲ. ಮಗಳ ಪ್ರವೇಶ ಶುಲ್ಕದ ಹಣವಿದ್ದರೆ ಅದು ಎಲ್ಲಿದೆ, ಯಾರ ಹೆಸರಿನಲ್ಲಿದೆ ಎಂದು ಇವತ್ತೇ ನೋಡಿಕೊಳ್ಳಿ.

ವಸೂಲಿಗೆ ಬರುವವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಧೈರ್ಯವಾಗಿ ಹೇಳಿ.

ಮಂಗಳೂರಿನ ಲೆಕ್ಕಪತ್ರ ಸಲಹೆಗಾರ್ತಿ

ಸಿಬಿಲ್ ಸರಿ ಮಾಡಿಸುತ್ತೇನೆ ಎನ್ನುವವರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಕಷ್ಟದಲ್ಲಿರುವವರ ಹತ್ತಿರವೇ ಇವರು ಬರುತ್ತಾರೆ. ಸತ್ಯವಾದ ದಾಖಲೆಯನ್ನು ಯಾರೂ ಅಳಿಸಲಾರರು. ತಪ್ಪಾದ ದಾಖಲೆಯನ್ನು ತಿದ್ದಿಸಲು ದುಡ್ಡೇ ಬೇಕಿಲ್ಲ.

ನಮ್ಮ ದೇಶದಲ್ಲಿ ಸಾಲದ ದಾಖಲೆ ಇಡುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪ್ರತಿಯೊಂದೂ ಉಚಿತವಾಗಿ ಕೊಡಬೇಕು. ನಾಲ್ಕನ್ನೂ ತರಿಸಿಕೊಳ್ಳಿ, ಏಕೆಂದರೆ ಒಂದರಲ್ಲಿ ಸರಿಯಿದ್ದದ್ದು ಇನ್ನೊಂದರಲ್ಲಿ ತಪ್ಪಿರುತ್ತದೆ. ನನ್ನ ಕಕ್ಷಿದಾರರೊಬ್ಬರ ಮುಚ್ಚಿದ ಓಡಿ ಖಾತೆ ಒಂದು ವರದಿಯಲ್ಲಿ ಇನ್ನೂ ಬಾಕಿ ತೋರಿಸುತ್ತಿತ್ತು. ಬಾಕಿ ಇಲ್ಲ ಎಂಬ ಪತ್ರವನ್ನು ಲಗತ್ತಿಸಿ ಬ್ಯಾಂಕಿಗೂ ಆ ಸಂಸ್ಥೆಗೂ ಒಟ್ಟಿಗೆ ದೂರು ಕೊಟ್ಟೆವು. ದೂರು 30 ದಿನಗಳಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದನ್ನು ದೂರಿನಲ್ಲೇ ನಮೂದಿಸಿದ್ದೆವು, ಕೆಲಸ ಚುರುಕಾಗಿಯೇ ಆಯಿತು. ಬ್ಯಾಂಕು ದೂರಿಗೆ 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಕೊಟ್ಟ ಉತ್ತರ ಸಮಾಧಾನ ತರದಿದ್ದರೆ, ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅದಕ್ಕೂ ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ.

2025ರ ಜನವರಿಯಿಂದ ಬ್ಯಾಂಕುಗಳು ಈ ಸಂಸ್ಥೆಗಳಿಗೆ ಕನಿಷ್ಠ 15 ದಿನಕ್ಕೊಮ್ಮೆಯಾದರೂ ಮಾಹಿತಿ ಕಳುಹಿಸಬೇಕು. ಮೊದಲು ತಿಂಗಳಿಗೊಮ್ಮೆ ಹೋಗುತ್ತಿತ್ತು. ಅಂದರೆ ತಡವೂ ಬೇಗ ಕಾಣುತ್ತದೆ, ಸರಿಪಡಿಸಿದ್ದೂ ಬೇಗ ಕಾಣುತ್ತದೆ. ಕೈಯಲ್ಲಿ ಹಣವಿದ್ದರೆ ಆ ಮಿತಿ ಮೀರಿದ ಮೊತ್ತವನ್ನು ಮೊದಲು ಕಟ್ಟಿ, ಬೇರೇನಿದ್ದರೂ ಆಮೇಲೆ. ಬಂಗಾರವಿದ್ದರೆ ಅಡವಿಟ್ಟಾದರೂ ಮಿತಿಯೊಳಗೆ ತನ್ನಿ ಎಂದು ನಾನು ಹೇಳುತ್ತೇನೆ, ಬಂಗಾರವನ್ನು ಬಿಡಿಸಿಕೊಳ್ಳುವ ಲೆಕ್ಕ ಖಚಿತವಿದ್ದರೆ ಮಾತ್ರ.

ದಾವಣಗೆರೆಯ ಕಾಲೇಜು ಉಪನ್ಯಾಸಕರು

ಮಗಳ ವಿಷಯಕ್ಕೆ ಬರುತ್ತೇನೆ. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ತಂದೆ ಅಥವಾ ತಾಯಿ ಸಹ ಸಾಲಗಾರರಾಗುತ್ತಾರೆ, ಅವರ ವರದಿಯನ್ನೂ ಬ್ಯಾಂಕು ತೆಗೆದು ನೋಡುತ್ತದೆ. ಓಡಿ ಪತ್ರಗಳಲ್ಲಿ ನಿಮ್ಮ ಸಹಿ ಇಲ್ಲದೆ ಯಜಮಾನರದ್ದು ಮಾತ್ರ ಇದ್ದರೆ, ಸಹ ಸಾಲಗಾರರಾಗಿ ನೀವು ನಿಲ್ಲುವುದು ಒಳ್ಳೆಯದು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯನ್ನೂ ನೋಡಿ. ಪಟ್ಟಿಯಲ್ಲಿರುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸೀಟು ಸಿಕ್ಕಿದರೆ ಅಡಮಾನವೂ ಬೇಡ, ಜಾಮೀನುದಾರರೂ ಬೇಡ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿಗೂ ಅರ್ಜಿ ಹಾಕಬಹುದು. ಸಿಇಟಿ ಆಯ್ಕೆಗಳನ್ನು ತುಂಬುವಾಗ ಆ ಪಟ್ಟಿ ಪಕ್ಕದಲ್ಲಿರಲಿ. ಮಗಳಿಗೂ ಮನೆಯ ಪರಿಸ್ಥಿತಿ ಹೇಳಿ. ಈ ವಯಸ್ಸಿನ ಮಕ್ಕಳು ನಾವು ಎಣಿಸುವುದಕ್ಕಿಂತ ಗಟ್ಟಿ.

ಪ್ರಶ್ನೆ ಕೇಳಿದವರು, ಶಿವಮೊಗ್ಗ

ಎಲ್ಲರಿಗೂ ಕೈಮುಗಿಯುತ್ತೇನೆ. ಏಜೆಂಟರಿಗೆ ಬೇಡ ಎಂದು ಹೇಳಿಯಾಯಿತು. ಕ್ಯೂಆರ್ ಕೋಡ್ ಬದಲಿಸಿದ್ದೇವೆ. ಉದ್ಯಮ್ ನೋಂದಣಿ ಇದೆ, ಅರ್ಜಿ ಬರೆಯುತ್ತಿದ್ದೇವೆ. ಇನ್ನೊಂದು ಸಂಶಯ. ಓಡಿ ಪತ್ರಗಳಿಗೆ ನಮ್ಮ ಮಾವನವರು ಜಾಮೀನು ಸಹಿ ಹಾಕಿದ್ದಾರೆ. ಪಿಂಚಣಿದಾರರು, ಬಿಪಿ ಇದೆ, ಅವರಿಗೆ ಇದಾವುದೂ ಗೊತ್ತಿಲ್ಲ. ಅವರಿಗೂ ತೊಂದರೆಯಾಗುತ್ತದೆಯೇ?

ಮೈಸೂರಿನ ನಿವೃತ್ತ ಬ್ಯಾಂಕ್ ಅಧಿಕಾರಿ

ಆಗುತ್ತದೆ ತಾಯಿ. ಜಾಮೀನು ಕೊಟ್ಟ ಸಾಲ ಅವರ ವರದಿಯಲ್ಲೂ ಕಾಣುತ್ತದೆ, ಖಾತೆ ಕೆಟ್ಟರೆ ನೋಟಿಸ್ ಅವರಿಗೂ ಹೋಗುತ್ತದೆ. ಅಂಚೆಯವರ ಕೈಯಿಂದ ತಿಳಿಯುವುದಕ್ಕಿಂತ ಮಗನ ಬಾಯಿಂದ ತಿಳಿಯುವುದು ಮೇಲು, ಈ ವಾರವೇ ಯಜಮಾನರು ಹೇಳಲಿ. ಅರ್ಜಿ ಕೊಡಲು ಹೋಗುವಾಗ ಕಳೆದ 12 ತಿಂಗಳ ಖಾತೆಯ ಸ್ಟೇಟ್‌ಮೆಂಟ್, ಜಿಎಸ್‌ಟಿ ಇದ್ದರೆ ಅದರ ರಿಟರ್ನ್‌ಗಳು, ಕೈಯಲ್ಲಿರುವ ಆರ್ಡರ್‌ಗಳ ಪಟ್ಟಿ, ಗಿರಾಕಿಗಳಿಂದ ಬರಬೇಕಾದ ಬಾಕಿಯ ಪಟ್ಟಿ ಇಷ್ಟನ್ನೂ ಒಯ್ಯಿರಿ. ತಿಂಗಳಿಗೆ ಎಷ್ಟು ಕಂತು ಕಟ್ಟಬಲ್ಲಿರಿ ಎಂಬ ಅಂಕಿಯನ್ನು ಮನೆಯಲ್ಲೇ ನಿಶ್ಚಯಿಸಿಕೊಂಡು ಹೋಗಿ, ಅವರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ. ಮಾವನವರು ಒಪ್ಪಿದರೆ ಅವರನ್ನೂ ಕರೆದುಕೊಂಡು ಹೋಗಿ. ಸಾಲವನ್ನು ಮರುಹೊಂದಿಸುವಾಗ ಜಾಮೀನುದಾರರ ಸಹಿಯೂ ಬೇಕಾಗುತ್ತದೆ.